ಕಲ್ಲಿನ ರಥದ ಮೇಲೊಂದು ಗೋಪುರವಿತ್ತು: ಹವ್ಯಾಸಿ ಛಾಯಾಗ್ರಾಹಕರು ಉಳಿಸಿಕೊಟ್ಟ ನಮ್ಮ ನಾಡು



ಬೆಳ್ಳಿಹಬ್ಬದ ಸಂಚಿಕೆ ಎಂದ ಮೇಲೆ ಷೇರು ಬಂಡವಾಳ, ಠೇವಣಿ, ಸಾಲ ವಸೂಲಿ, ಇದುವರೆಗಿನ ಅಧ್ಯಕ್ಷರ ಪಟ್ಟಿ ಇವೆಲ್ಲ ಇರಲೇಬೇಕು. ಅವು ಬೇರೆ ಪುಟಗಳಲ್ಲಿವೆ. ಇತಿಹಾಸದ ಬಗ್ಗೆಯೂ ಒಂದು ಲೇಖನ ಇರಲಿ ಅಂತ ಹಿರಿಯರು ಸೂಚಿಸಿದ್ದರಿಂದ, ರಾಜಮಹಾರಾಜರ ಯುದ್ಧಗಳನ್ನು ಬದಿಗಿಟ್ಟು, ಕ್ಯಾಮೆರಾ ಹೊತ್ತು ನಮ್ಮ ನಾಡಿನ ಗುಡಿಗೋಪುರ, ಬೆಟ್ಟ ಬಯಲು ಸುತ್ತಿದ ಕೆಲವರ ಕಥೆಯನ್ನು ಇಲ್ಲಿ ಹೇಳಲು ಹೊರಟಿದ್ದೇವೆ.

ಐವತ್ತು ರೂಪಾಯಿಯ ನೋಟು ನಮ್ಮ ಸಂಘದ ಕೌಂಟರಿನಲ್ಲಿ ದಿನಾ ಕೈಯಿಂದ ಕೈಗೆ ಹೋಗುತ್ತದೆ. 2017ರಲ್ಲಿ ಬಂದ ಹೊಸ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥದ ಚಿತ್ರವಿದೆ. ವಿಜಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಈ ರಥ ನಿಜಕ್ಕೆ ರಥವಲ್ಲ, ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ನೋಟಿನ ಚಿತ್ರದಲ್ಲಿ ರಥದ ಮೇಲ್ಭಾಗ ಚಪ್ಪಟೆಯಾಗಿದೆ. ಇಂದು ಹಂಪಿಗೆ ಹೋದವರು ನೋಡುವುದೂ ಅದನ್ನೇ. ಆದರೆ ಒಂದು ಕಾಲದಲ್ಲಿ ಅದರ ಮೇಲೆ ಇಟ್ಟಿಗೆ ಗಾರೆಯ ಒಂದು ಗೋಪುರವಿತ್ತು! ಇದು ಯಾರೋ ಹೇಳಿದ ಕಥೆಯಲ್ಲ. 1856ರಲ್ಲಿ ತೆಗೆದ ಛಾಯಾಚಿತ್ರ ಅದಕ್ಕೆ ಸಾಕ್ಷಿ.

ಆ ಚಿತ್ರ ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ. ವೃತ್ತಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಅಧಿಕಾರಿ. ಛಾಯಾಗ್ರಹಣ ಅವನ ಹವ್ಯಾಸ. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1565ರ ಯುದ್ಧದ ನಂತರ ಹಾಳುಬಿದ್ದ ವಿಜಯನಗರಕ್ಕೆ ಯಾತ್ರಿಕರು ವಿರೂಪಾಕ್ಷನ ದರ್ಶನಕ್ಕೆ ಬರುತ್ತಿದ್ದರೇ ಹೊರತು, ಮುರಿದ ಮಂಟಪಗಳನ್ನು ನೋಡಲು ಬರುವವರು ಕಡಿಮೆ. ಗ್ರೀನ್‌ಲಾ ಅಲ್ಲಿ ಸುತ್ತಾಡಿ ಸುಮಾರು ಅರವತ್ತು ಚಿತ್ರ ತೆಗೆದ. ಹಂಪಿಯ ಛಾಯಾಚಿತ್ರಗಳಲ್ಲಿ ಇವು ಅತ್ಯಂತ ಹಳೆಯ ಸಾಲಿಗೆ ಸೇರುತ್ತವೆ.

ಒಂದು ಚಿತ್ರಕ್ಕೆ ಒಂದು ದಿನದ ದುಡಿಮೆ

ಈಗ ಜೇಬಿನಿಂದ ಫೋನು ತೆಗೆದು ಒತ್ತಿದರೆ ಮುಗಿಯಿತು, ಚಿತ್ರ ಸಿದ್ಧ. ಆಗ ಹಾಗಿರಲಿಲ್ಲ. ಛಾಯಾಗ್ರಹಣ ಎಂಬುದು ಲೋಕಕ್ಕೆ ಗೊತ್ತಾದದ್ದೇ 1839ರಲ್ಲಿ. ಚಿಕ್ಕ ಚಿತ್ರವನ್ನು ದೊಡ್ಡದು ಮಾಡುವ ಅನುಕೂಲ ಬಳಕೆಗೆ ಬಂದಿರಲಿಲ್ಲ. ಚಿತ್ರ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು, ಕ್ಯಾಮೆರಾ ಅದಕ್ಕಿಂತ ದೊಡ್ಡದಿರಬೇಕು. ಗ್ರೀನ್‌ಲಾನ ನೆಗೆಟಿವ್‌ಗಳು ಸುಮಾರು 16 ಇಂಚು ಅಗಲ, 18 ಇಂಚು ಉದ್ದ. ಅಂದರೆ ಅವನ ಕ್ಯಾಮೆರಾ ಒಂದು ಮರದ ಪೆಟ್ಟಿಗೆಯೇ ಸರಿ.

ನೆಗೆಟಿವ್ ಗಾಜಿನದಲ್ಲ, ಕಾಗದದ್ದು. ಆ ಕಾಲದ ಮೇಣದ ಕಾಗದದ ಪದ್ಧತಿ ಹೀಗಿತ್ತು. ಒಳ್ಳೆಯ ಕಾಗದಕ್ಕೆ ಬಿಸಿ ಇಸ್ತ್ರಿಯಿಂದ ಜೇನುಮೇಣ ಸವರಬೇಕು. ನಂತರ ಅಯೋಡೈಡ್ ಲವಣದ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು. ಕತ್ತಲೆಯಲ್ಲಿ ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ಅದ್ದಿದರೆ ಕಾಗದ ಬೆಳಕನ್ನು ಹಿಡಿಯಲು ತಯಾರು. ಕ್ಯಾಮೆರಾದೊಳಗೆ ಇಟ್ಟು ಮುಚ್ಚಳ ತೆಗೆದರೆ ಹಲವಾರು ನಿಮಿಷ ಕಾಯಬೇಕು. ಆಮೇಲೆ ಗ್ಯಾಲಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಇಟ್ಟರೆ ಚಿತ್ರ ನಿಧಾನವಾಗಿ ಮೂಡುತ್ತದೆ. ಕೊನೆಗೆ ಹೈಪೋ ದ್ರಾವಣದಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು ಒಣಗಿಸಬೇಕು.

ಗಾಜಿನ ತಟ್ಟೆಯ ಪದ್ಧತಿಯೂ ಆಗ ಬಂದಿತ್ತು. ಆದರೆ ಲೇಪನ ಹಸಿಯಾಗಿರುವಾಗಲೇ ಚಿತ್ರ ತೆಗೆದು ಮುಗಿಸಬೇಕಿತ್ತು. ನಮ್ಮ ಬಿಸಿಲಿಗೆ ಅದು ಬೇಗ ಒಣಗುವುದು. ಮೇಣದ ಕಾಗದವನ್ನು ಮೊದಲೇ ತಯಾರಿಸಿ ಇಟ್ಟುಕೊಳ್ಳಬಹುದಿತ್ತು, ಒಡೆಯುವ ಭಯವೂ ಇಲ್ಲ. ಊರೂರು ಸುತ್ತುವ ಹವ್ಯಾಸಿಗೆ ಇದೇ ಅನುಕೂಲ.

ನಿಮಿಷಗಟ್ಟಲೆ ಬೆಳಕು ಬಿಡುತ್ತಿದ್ದುದರಿಂದ ನಡೆದಾಡುವ ಜನ, ದನಕರು ಚಿತ್ರದಲ್ಲಿ ಮೂಡುತ್ತಿರಲಿಲ್ಲ. ಗಾಳಿಗೆ ಅಲುಗಿದ ಎಲೆಗಳು ಮಬ್ಬಾಗುತ್ತಿದ್ದವು. ಅಲುಗದೆ ನಿಂತದ್ದು ಕಲ್ಲು ಮಾತ್ರ. ಆ ಚಿತ್ರಗಳನ್ನು ನೋಡಿದವರಿಗೆ ಊರಿನಲ್ಲಿ ಜನರೇ ಇರಲಿಲ್ಲವೇನೋ ಅನ್ನಿಸುತ್ತದೆ. ಜನ ಇದ್ದರು. ಆ ಭಾರದ ಪೆಟ್ಟಿಗೆ ಹೊತ್ತವರು, ಗಾಡಿ ಹೊಡೆದವರು, ನೀರು ತಂದುಕೊಟ್ಟವರು ನಮ್ಮ ಹಳ್ಳಿಯ ಜನರೇ ತಾನೆ? ಚಿತ್ರದ ಕೆಳಗೆ ಅವರ ಹೆಸರಿಲ್ಲ ಅಷ್ಟೆ.

ರಜೆಯಲ್ಲಿ ಹಳೇಬೀಡು, ಬೇಲೂರು

ಗ್ರೀನ್‌ಲಾನಿಗಿಂತ ಎರಡು ವರ್ಷ ಮೊದಲೇ ಇನ್ನೊಬ್ಬ ಸೈನಿಕ ಇದೇ ಕೆಲಸಕ್ಕೆ ಹೊರಟಿದ್ದ. ಅವನ ಹೆಸರು ಲಿನಿಯಸ್ ಟ್ರೈಪ್. 1854ರ ಡಿಸೆಂಬರಿನಲ್ಲಿ ರಜೆಯ ಮೇಲೆ ಮೈಸೂರು ಸೀಮೆ ಸುತ್ತಿ, ಹಳೇಬೀಡು, ಬೇಲೂರು ಮುಂತಾದ ಕಡೆ ಚಿತ್ರ ತೆಗೆದ. ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಅವನ ಚಿತ್ರಗಳನ್ನು ಇಟ್ಟಾಗ ತೀರ್ಪುಗಾರರು ಮೆಚ್ಚಿಕೊಂಡರು. ಹವ್ಯಾಸ ಕೈಹಿಡಿಯಿತು. 1856ರಲ್ಲಿ ಅವನನ್ನು ಮದ್ರಾಸ್ ಪ್ರಾಂತ್ಯದ ಸರ್ಕಾರಿ ಛಾಯಾಗ್ರಾಹಕನಾಗಿ ನೇಮಿಸಿದರು.

ಟ್ರೈಪ್ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ತಂಜಾವೂರಿನ ಬೃಹದೀಶ್ವರ ದೇವಸ್ಥಾನದ ಬುಡದ ಗೋಡೆಯ ಮೇಲೆ ಸಾಲುಸಾಲಾಗಿ ತಮಿಳು ಶಾಸನಗಳಿವೆ. 1858ರಲ್ಲಿ ಅವನು ಅದರ ಒಂದು ಭಾಗವನ್ನು ತುಂಡುತುಂಡಾಗಿ ಚಿತ್ರ ತೆಗೆದು, 21 ಚಿತ್ರಗಳನ್ನು ಜೋಡಿಸಿ, ಸುಮಾರು 19 ಅಡಿ ಉದ್ದದ ಒಂದೇ ಪಟ್ಟಿ ಮಾಡಿದ. ಗೋಡೆಯ ಮುಂದೆ ನಿಂತೇ ಓದಬೇಕಿದ್ದ ಶಾಸನವನ್ನು ಮೇಜಿನ ಮೇಲೆ ಹರಡಿ ಓದುವ ಹಾಗಾಯಿತು. ಇಷ್ಟಾದರೂ 1859ರಲ್ಲಿ ಗವರ್ನರ್ ಆಗಿ ಬಂದ ಟ್ರೆವೆಲಿಯನ್ ಇದು ದುಬಾರಿ ಬಾಬು ಎಂದು ಆ ಕೆಲಸವನ್ನೇ ನಿಲ್ಲಿಸಿದ. ಖರ್ಚು ಉಳಿಯಿತು. ತೆಗೆಯಬೇಕಿದ್ದ ಚಿತ್ರಗಳು ಮಾತ್ರ ತೆಗೆಯದೆ ಉಳಿದವು.

ಬೊಂಬಾಯಿ ಪ್ರಾಂತ್ಯದ ಕಡೆಯಿಂದಲೂ ಇಂಥದೇ ಕೆಲಸ ನಡೆಯಿತು. ಸೈನ್ಯದ ಬಿಗ್ಸ್ ಮತ್ತು ವೈದ್ಯರಾಗಿದ್ದ ಪಿಗೋ ಸರ್ಕಾರದ ಪರವಾಗಿ ನಮ್ಮ ನಾಡಿನ ಗುಡಿಗಳ ಚಿತ್ರ ತೆಗೆದರು. 1866ರಲ್ಲಿ ಅವನ್ನು ಸೇರಿಸಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬಗ್ಗೆ ಲಂಡನ್ನಿನಲ್ಲಿ ಒಂದು ದೊಡ್ಡ ಪುಸ್ತಕ ಅಚ್ಚಾಯಿತು. ಅದರಲ್ಲಿ ಗದಗದ ಹತ್ತಿರದ ಲಕ್ಕುಂಡಿಯ ಗುಡಿಗಳೂ ಇವೆ. ಸಹಕಾರಿಗಳಾದ ನಮಗೆ ಆ ಸೀಮೆ ಇನ್ನೊಂದು ಕಾರಣಕ್ಕೂ ದೊಡ್ಡದು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಕಣಗಿನಹಾಳ ಇರುವುದು ಅದೇ ಗದಗ ತಾಲ್ಲೂಕಿನಲ್ಲಿ.

ಗುಡಿಯ ಮೇಲೆ ಬೆಳೆದ ಮರ

ಈ ಚಿತ್ರಗಳಿಂದ ಏನು ಉಪಯೋಗ ಅಂತ ಕೇಳಬಹುದು. ಒಂದು ಉದಾಹರಣೆ ಕೊಡುತ್ತೇವೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಸ್ಥಾನವನ್ನು ಎಲ್ಲರೂ ನೋಡುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಕೇದಾರೇಶ್ವರ ಗುಡಿ ಇದೆ. 1850ರ ದಶಕದ ಚಿತ್ರದಲ್ಲಿ ಆ ಗುಡಿಗೆ ಶಿಖರ ಇದೆ. ಶಿಖರದ ಮೇಲೆ ಒಂದು ಮರವೂ ಬೆಳೆದು ನಿಂತಿದೆ. ಬೇರುಗಳು ಕಲ್ಲುಗಳ ಸಂದಿಗೆ ಇಳಿದಿವೆ. ಮುಂದೆ ಅದೇ ಬೇರು ಕಲ್ಲುಗಳನ್ನು ಸಡಿಲಿಸಿ ಗುಡಿಯನ್ನು ಕೆಡವಿತು. ನಂತರ ಪುರಾತತ್ವ ಇಲಾಖೆಯವರು ಬಿದ್ದ ಗುಡಿಯನ್ನು ಎತ್ತಿ ನಿಲ್ಲಿಸಿದರು. ಆದರೆ ಶಿಖರ ಹೋದದ್ದು ಹೋಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮಗೆಲ್ಲ ಹೆಮ್ಮೆ. ಆದರೆ ಕೇದಾರೇಶ್ವರದ ಶಿಖರ ಹೇಗಿತ್ತು ಎಂದು ತಿಳಿಯಬೇಕಾದರೆ ಇಂದಿಗೂ ಆ ಹಳೆಯ ಚಿತ್ರವನ್ನೇ ನೋಡಬೇಕು.

ಆಲವೋ ಅರಳಿಯೋ, ಹಕ್ಕಿಯ ಹಿಕ್ಕೆಯಲ್ಲಿ ಬಂದ ಒಂದು ಬೀಜ ಗುಡಿಯ ಸಂದಿಯಲ್ಲಿ ಮೊಳೆತರೆ ಮೊದಲ ವರ್ಷ ಎರಡು ಬೆರಳಿನಲ್ಲಿ ಕಿತ್ತುಹಾಕಬಹುದು. ಇಪ್ಪತ್ತು ವರ್ಷ ಬಿಟ್ಟರೆ ಕ್ರೇನು ತಂದರೂ ಆಗದು. ಬೇರು ಕಿತ್ತರೆ ಗೋಡೆಯೂ ಜೊತೆಗೇ ಬರುತ್ತದೆ. ವರ್ಷ ವರ್ಷ ಚಿತ್ರ ತೆಗೆದಿಟ್ಟವರಿಗೆ ಈ ಗಿಡ ಯಾವಾಗ ಹುಟ್ಟಿತು, ಈ ಬಿರುಕು ಯಾವಾಗ ಬಿಟ್ಟಿತು ಎಂಬುದು ಗೊತ್ತಾಗುತ್ತದೆ.

ಅದೇ ಜಾಗ, ನೂರಿಪ್ಪತ್ತೇಳು ವರ್ಷದ ನಂತರ

ಮತ್ತೆ ಹಂಪಿಗೆ ಬರೋಣ. ಗ್ರೀನ್‌ಲಾನ ಕಾಗದದ ನೆಗೆಟಿವ್‌ಗಳು ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, ನಮ್ಮ ಕಾಲಕ್ಕೆ ಬೆಳಕಿಗೆ ಬಂದವು. ಹಂಪಿಯ ವಾಸ್ತುವನ್ನು ಅಧ್ಯಯನ ಮಾಡುತ್ತಿದ್ದ ಜಾರ್ಜ್ ಮಿಷೆಲ್ ಅವರ ಜೊತೆ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಒಂದು ಕೆಲಸ ಮಾಡಿದರು. ಗ್ರೀನ್‌ಲಾ ಎಲ್ಲೆಲ್ಲಿ ನಿಂತು ಚಿತ್ರ ತೆಗೆದಿದ್ದನೋ ಆ ಜಾಗಗಳನ್ನು ಹುಡುಕಿ, ಅಲ್ಲೇ ಕ್ಯಾಮೆರಾ ಇಟ್ಟು, ಅದೇ ದಿಕ್ಕಿಗೆ ತಿರುಗಿಸಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಭಾಷಣವೂ ಬೇಡ. ಏನು ಉಳಿದಿದೆ, ಏನು ಹೋಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಕಲ್ಲಿನ ರಥದ ಗೋಪುರ ಮೊದಲನೆಯದರಲ್ಲಿ ಇದೆ, ಎರಡನೆಯದರಲ್ಲಿ ಇಲ್ಲ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ತಾಣವಾಯಿತು. 2008ರಲ್ಲಿ ಗ್ರೀನ್‌ಲಾನ ಚಿತ್ರಗಳು ಇತರ ಹಳೆಯ ಚಿತ್ರಗಳ ಜೊತೆ ಪುಸ್ತಕವಾಗಿಯೂ ಬಂದವು.

ಗ್ರೀನ್‌ಲಾ, ಟ್ರೈಪ್ ಇವರೆಲ್ಲ ನಮ್ಮನ್ನು ಆಳುತ್ತಿದ್ದ ಕಂಪನಿಯ ನೌಕರರು. ತಾವು ಗೆದ್ದ ದೇಶವನ್ನು ಅಳೆದು, ಪಟ್ಟಿ ಮಾಡಿ ಇಟ್ಟುಕೊಳ್ಳುವ ಆಸೆಯೂ ಈ ಚಿತ್ರಗಳ ಹಿಂದೆ ಇತ್ತು. ಅದನ್ನು ಮರೆಯುವುದು ಬೇಡ. ಆದರೆ ಒಳ್ಳೆಯ ದಾಖಲೆ ಯಾರು ಮಾಡಿದರೂ ದಾಖಲೆಯೇ. ಇಂದು ಆ ಚಿತ್ರಗಳಿಂದ ಹೆಚ್ಚಿನ ಪ್ರಯೋಜನ ಇರುವುದು ನಮಗೇ.

ನಮ್ಮ ಊರಿನ ಮಾತು

ಹಂಪಿ, ಹಳೇಬೀಡಿಗೆ ದೇಶವಿದೇಶದ ಕ್ಯಾಮೆರಾಗಳು ಬಂದವು, ಈಗಲೂ ಬರುತ್ತವೆ. ಊರ ಮುಂದಿನ ವೀರಗಲ್ಲಿಗೆ, ಕೆರೆ ಏರಿಯ ತೂಬಿನ ಕಲ್ಲಿಗೆ, ಹಾಳು ಮಂಟಪಕ್ಕೆ, ಹಳೆಯ ಬಾವಿಗೆ ಯಾರು ಬರುತ್ತಾರೆ? ನಾವೇ ಹೋಗಬೇಕು.

ಮೊದಲು ಇದು ಹಣವಿದ್ದವರ ಹವ್ಯಾಸವಾಗಿತ್ತು. ಆಮೇಲೆ ನಮ್ಮ ದೇಶದಲ್ಲೇ ತಯಾರಾದ ಆಗ್ಫಾ ಕ್ಲಿಕ್-3 ಕ್ಯಾಮೆರಾ ಎಷ್ಟೋ ಮನೆಗಳಿಗೆ ಬಂತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಮದುವೆ, ನಾಮಕರಣ, ಜಾತ್ರೆಯ ತೇರು ಇಷ್ಟಕ್ಕೇ ರೋಲು ಮುಗಿಯುತ್ತಿತ್ತು. ಕಲ್ಲಿಗೆ, ಕೆರೆಗೆ ಯಾರು ರೋಲು ಖರ್ಚು ಮಾಡ್ತಾರೆ? ಅದಕ್ಕೇ ಹಳ್ಳಿಗಳಲ್ಲಿ ಕೋಟು ಹಾಕಿಕೊಂಡ ಅಜ್ಜನ ಚಿತ್ರ ಸಿಗುತ್ತದೆ, ಅಜ್ಜ ಬೆಳೆದ ಬೀದಿಯ ಚಿತ್ರ ಸಿಗುವುದು ಅಪರೂಪ. ಈಗ ಆ ಕಷ್ಟವಿಲ್ಲ. ಯುವಕರ ಜೇಬಿನಲ್ಲೆಲ್ಲ ಕ್ಯಾಮೆರಾ ಇದೆ, ರೋಲಿನ ಖರ್ಚೂ ಇಲ್ಲ.

ಆದರೆ ಒಂದು ಮಾತು. ತಾರೀಖು, ಹೆಸರು ಇಲ್ಲದ ರಶೀದಿಯನ್ನು ನಮ್ಮ ಸಂಘದ ಕಾರ್ಯದರ್ಶಿಗಳು ಒಪ್ಪುತ್ತಾರೆಯೆ? ಇಲ್ಲ. ಚಿತ್ರವೂ ಹಾಗೆಯೇ. ಯಾವ ಜಾಗ, ಯಾವ ದಿನ, ಯಾವ ಕಡೆಯಿಂದ ತೆಗೆದದ್ದು ಅಂತ ಬರೆಯದಿದ್ದರೆ ಅದು ನೋಡಲು ಚೆನ್ನ, ಸಾಕ್ಷಿಗೆ ಬಾರದು. ಗ್ರೀನ್‌ಲಾ ಹಂಪಿಗೆ ಬಂದದ್ದು 1856ರಲ್ಲಿ ಎಂದು ಗೊತ್ತಿರುವುದರಿಂದಲೇ ರಥದ ಗೋಪುರ ಆ ವರ್ಷ ಇತ್ತು ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ಕೆಲವು ಸಣ್ಣ ಸೂಚನೆಗಳು. ಶಾಸನ, ವೀರಗಲ್ಲುಗಳ ಚಿತ್ರವನ್ನು ನಡುಮಧ್ಯಾಹ್ನ ತೆಗೆಯಬೇಡಿ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲು ಬೀಳುವಾಗ ತೆಗೆದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಅಕ್ಷರ ಕಾಣಲಿ ಅಂತ ಸುಣ್ಣ, ಎಣ್ಣೆ, ಬಣ್ಣ ಹಚ್ಚಬಾರದು, ಮೊಳೆಯಿಂದ ಕೆರೆಯಲೂಬಾರದು. ಒಂದು ಚಿತ್ರ ಹತ್ತಿರದಿಂದ ತೆಗೆದರೆ ಇನ್ನೊಂದನ್ನು ದೂರದಿಂದ, ಸುತ್ತಲಿನ ಹೊಲ, ಮರ, ಮನೆ ಸೇರಿಸಿ ತೆಗೆಯಿರಿ. ನಾಳೆ ಕಲ್ಲು ಜಾಗ ಬಿಟ್ಟು ಹೋದರೂ ಎಲ್ಲಿತ್ತು ಎಂಬುದು ತಿಳಿಯುತ್ತದೆ. ಕೆರೆಯನ್ನು ಕೋಡಿ ಬಿದ್ದಾಗ ಒಮ್ಮೆ, ಬೇಸಿಗೆಯಲ್ಲಿ ಒಣಗಿದಾಗ ಒಮ್ಮೆ ತೆಗೆಯಿರಿ. ಊರಿನ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಆ ಜಾಗದ ಹೆಸರು, ಅದರ ಹಿಂದಿನ ಕಥೆ ಅವರಿಗಷ್ಟೇ ಗೊತ್ತಿರುತ್ತದೆ. ಚಿತ್ರದ ಜೊತೆ ಅವರ ಮಾತನ್ನೂ, ಹೆಸರನ್ನೂ ಬರೆದಿಡಿ.

ಫೋನು ಕೆಟ್ಟರೆ ಅದರೊಳಗಿನ ಚಿತ್ರಗಳೂ ಹೋದ ಹಾಗೆಯೇ. ಗ್ರೀನ್‌ಲಾನ ಕಾಗದ ನೂರೈವತ್ತು ವರ್ಷ ಮೀರಿ ಬಾಳಿದೆ. ಆದ್ದರಿಂದ ಮುಖ್ಯವಾದ ಚಿತ್ರಗಳನ್ನು ಪ್ರಿಂಟು ಹಾಕಿಸಿ, ಹಿಂಬದಿಯಲ್ಲಿ ವಿವರ ಬರೆದು, ಒಂದು ಪ್ರತಿಯನ್ನು ಸಂಘದ ಕಚೇರಿಯಲ್ಲಿ ಇಟ್ಟರೆ ಒಳ್ಳೆಯದು. ನಡಾವಳಿ ಪುಸ್ತಕ, ಷೇರು ರಿಜಿಸ್ಟರುಗಳ ಬೀರುವಿನಲ್ಲಿ ಒಂದು ಆಲ್ಬಮ್ಮಿಗೂ ಜಾಗ ಇದ್ದೇ ಇರುತ್ತದೆ. ಸಂಘದ ಹಣ ಹೇಗೆ ಎಲ್ಲರದೋ ಊರಿನ ನೆನಪೂ ಹಾಗೇ ಎಲ್ಲರದು. ಅದನ್ನು ಕಾಯುವ ಹೊಣೆಯೂ ಎಲ್ಲರದು.

ಇನ್ನು ಇಪ್ಪತ್ತೈದು ವರ್ಷಕ್ಕೆ ನಮ್ಮ ಸಂಘ ಸುವರ್ಣ ಮಹೋತ್ಸವ ಆಚರಿಸುತ್ತದೆ. ಆಗಲೂ ಒಂದು ಸಂಚಿಕೆ ಬರುತ್ತದೆ. ಅದನ್ನು ಬರೆಯುವ ಮಕ್ಕಳು, ಮೊಮ್ಮಕ್ಕಳು ಈ ಊರು ಹೀಗಿತ್ತು ಎಂದು ತೋರಿಸಲು ಕೈಯಲ್ಲಿ ಚಿತ್ರ ಇರಲಿ ಎಂದು ಹಾರೈಸುತ್ತೇವೆ. ಮುಂದಿನ ಭಾನುವಾರ ಬೆಳಿಗ್ಗೆ ಬಿಡುವಿದ್ದವರು ಕೆರೆ ಏರಿಯಿಂದಲೇ ಶುರುಮಾಡಬಹುದು.