ಹಗೇವೂ ಖಾನೇಷುಮಾರಿಯೂ

ಜನಗಣತಿಯನ್ನು ನಮ್ಮ ಹಿರಿಯರು ಖಾನೇಷುಮಾರಿಯೆಂದು ಕರೆಯುತ್ತಿದ್ದರು; ಮನೆಗಳ ಎಣಿಕೆಯೆಂದು ಆ ಮಾತಿನ ಅರ್ಥ. ತುಮಕೂರು ಸೀಮೆಯ ಚರಿತ್ರೆಗೆ ಈ ಹಳೆಯ ಹೆಸರೇ ಯುಕ್ತವಾದುದು. ಇಲ್ಲಿ ಜನರು ಹೆಚ್ಚಿದುದಕ್ಕೂ ಕಡಮೆಯಾದುದಕ್ಕೂ ಕಾರಣವನ್ನು ಒಂದೊಂದು ಮನೆಯೂ ಬರವನ್ನು ಎದುರಿಸಿದ ರೀತಿಯಲ್ಲಿಯೇ ಅರಸಬೇಕಾಗಿದೆ.

ಗುಬ್ಬಿ, ಕುಣಿಗಲು ಸೀಮೆಯ ಒಕ್ಕಲುಮಕ್ಕಳಿಗೆ ಪೂರ್ವದಲ್ಲಿದ್ದ ರಕ್ಷೆಗಳು ಎರಡು: ಕೆರೆಯ ನೀರು ಮತ್ತು ಹಗೇವಿನ ರಾಗಿ. ನೆಲದಲ್ಲಿ ತೋಡಿದ ಹಗೇವಿನೊಳಗೆ ರಾಗಿಯು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು; ಒಂದು ಮಳೆಗಾಲ ತಪ್ಪಿದರೆ ಅದೇ ಮನೆಯನ್ನು ಕಾಯುತ್ತಿತ್ತು. ಆದರೆ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಎಂದರೆ 1876ರಿಂದ 1878ರವರೆಗೆ, ಹಗೇವುಗಳು ಬರಿದಾದವು. ಮದರಾಸಿನಿಂದ ರೈಲಿನಲ್ಲಿ ಬಂದ ಧಾನ್ಯವು ಬೆಂಗಳೂರನ್ನು ಮುಟ್ಟಿತು; ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ; ಎತ್ತುಗಳಿಗೋ ಮೇವಿಲ್ಲ. 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ತುಮಕೂರು ಜಿಲ್ಲೆಯ ಸಂಖ್ಯೆ ಸುಮಾರು 6 ಲಕ್ಷ 32 ಸಾವಿರದಿಂದ 4 ಲಕ್ಷ 13 ಸಾವಿರಕ್ಕೆ ಕುಸಿಯಿತು. ಮೂವರಲ್ಲೊಬ್ಬರು ಲೆಕ್ಕಕ್ಕೆ ಸಿಕ್ಕಲಿಲ್ಲ. ಸತ್ತವರು, ಊರು ಬಿಟ್ಟು ಹೋದವರು, ಹುಟ್ಟದೆಯೇ ಹೋದ ಕೂಸುಗಳು, ಈ ಎಲ್ಲರೂ ಆ ಒಂದು ಅಂಕಿಯಲ್ಲಿ ಅಡಗಿದ್ದಾರೆ. ಹಳೆಯ ಸಂಖ್ಯೆಯನ್ನು ದಾಟಿ 6,79,162ಕ್ಕೆ ಏರಿದುದು 1901ರ ಗಣತಿಯಲ್ಲಿ.

ಕ್ಷಾಮದ ಪಾಠವನ್ನು ಆಳುವವರು ಮರೆಯಲಿಲ್ಲ. 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿದ ಮೇಲೆ ದಿವಾನ್ ರಂಗಾಚಾರ್ಲು ಅವರು ರೈಲುಮಾರ್ಗಗಳಿಗೆ ಆದ್ಯತೆಯನ್ನಿತ್ತರು. 1884ರಲ್ಲಿ ಬೆಂಗಳೂರಿನ ಹಳಿ ತುಮಕೂರನ್ನೂ ಗುಬ್ಬಿಯನ್ನೂ ಮುಟ್ಟಿತು. ಜನರಿರುವೆಡೆಗೆ ಧಾನ್ಯವನ್ನು ತರುವುದು ಅದರ ಒಂದು ಉದ್ದೇಶ. ಕಾಲಕ್ರಮದಲ್ಲಿ ಅದೇ ದಾರಿಯು ಸಂಬಳವಿರುವೆಡೆಗೆ ಜನರನ್ನು ಒಯ್ಯುವುದಾಯಿತು.

ಈಗ ಮತ್ತೊಂದು ಅಂಕಿಯನ್ನು ನೋಡಬೇಕು. 2001ರಲ್ಲಿ 25,84,711 ಇದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 26,78,980 ಆಯಿತು. ಹತ್ತು ವರ್ಷಗಳಲ್ಲಿ ಏರಿದುದು ನೂರಕ್ಕೆ ನಾಲ್ಕಕ್ಕಿಂತ ಕಡಮೆ; ಅದೇ ಅವಧಿಯಲ್ಲಿ ಕರ್ನಾಟಕವು ನೂರಕ್ಕೆ ಹದಿನೈದರಷ್ಟೂ ಬೆಂಗಳೂರು ನಗರ ಜಿಲ್ಲೆಯು ನಲವತ್ತೇಳರಷ್ಟೂ ಬೆಳೆದುವು. ಈ ತಡೆಗೆ ಕ್ಷಾಮವು ಕಾರಣವಲ್ಲ. ಮಕ್ಕಳು ಕಡಮೆಯಾದುದು, ಬೆಳೆದವರು ಹೊರಟುಹೋದುದು, ಇವೇ ಕಾರಣಗಳು.

ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಸಂಶೋಧನೆ ನಡೆಸಿದ ಜಾನ್ ಕಾಲ್ಡ್‌ವೆಲ್, ಪಿ. ಎಚ್. ರೆಡ್ಡಿ, ಪ್ಯಾಟ್ ಕಾಲ್ಡ್‌ವೆಲ್ ಎಂಬ ವಿದ್ವಾಂಸರು 1980ರಿಂದ 1983ರವರೆಗಿನ ಅನಾವೃಷ್ಟಿಯನ್ನು ಕುರಿತು ಬರೆದಿದ್ದಾರೆ. ಹೊಲವೊಂದನ್ನೇ ನಂಬದೆ ಬೇರೆ ದುಡಿಮೆಯನ್ನೂ ಹೊಂದಿದ್ದ ಮನೆಗೆ ಬರವನ್ನು ತಾಳುವ ಶಕ್ತಿ ಹೆಚ್ಚು. ಅಂತಹ ದುಡಿಮೆಗೆ ವಿದ್ಯೆ ಬೇಕು; ವಿದ್ಯೆಗೆ ವೆಚ್ಚ ಬೇಕು; ಆದುದರಿಂದ ಮಕ್ಕಳು ಮಿತವಾದರು. ಎಂದರೆ ಪಟ್ಟಣದಲ್ಲಿರುವ ಮಗನ ಅಥವಾ ಮಗಳ ಸಂಬಳವೇ ಇಂದಿನ ಹಗೇವು.

ಈ ಹಗೇವು ಧಾತು ಸಂವತ್ಸರದ ಮರಣವನ್ನು ತಪ್ಪಿಸಿತೆಂಬುದು ಸಣ್ಣ ಮಾತಲ್ಲ. ಆದರೆ ಅದು ಊರಿಂದ ದೂರದಲ್ಲಿದೆ. 2020ರ ಮಹಾಮಾರಿಯಲ್ಲಿ ಪಟ್ಟಣದ ಕೆಲಸಗಳು ನಿಂತಾಗ, ಹೋದವರು ಗುಂಪುಗುಂಪಾಗಿ ಹಳ್ಳಿಗೆ ಹಿಂದಿರುಗಿದರು. ಅಂದು ಅವರನ್ನು ಉಣಿಸಿದುದು ವೃದ್ಧರು ಕಾದುಕೊಂಡಿದ್ದ ಹೊಲಮನೆಗಳು. ಕುಣಿಗಲಿಗೆ 2017ರಲ್ಲಿ ರೈಲು ಬಂದಿದೆ. ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಗಿದೆ. ಸಂಬಳವು ಊರ ಹತ್ತಿರಕ್ಕೆ ಬರುವಷ್ಟು ಮಟ್ಟಿಗೆ ಮನೆಗಳು ಒಡೆಯದೆ ಉಳಿದಾವು. ಹೋದವರ ಸಂಬಳದಲ್ಲಿ ಒಂದು ಪಾಲು ಊರ ಕೆರೆಯ ಹೂಳಿಗೂ ತೂಬಿಗೂ ಸಲ್ಲದಿದ್ದರೆ, ಮುಂದೊಂದು ಆಪತ್ತಿನಲ್ಲಿ ಹಿಂದಿರುಗುವವರಿಗೆ ಮನೆಯಿದ್ದೀತು, ಅನ್ನವಿರದು.