ಕೋಡಿಯಮಠದ ಶಾಸನದಲ್ಲಿ ವಿದ್ಯಾರ್ಥಿ ಸೇವೆ ಇದೆಯೇ?

ಸವಡಿಯಂಥ ಹಳೆಯ ಗುಡಿಗಳ ಊರಿನಲ್ಲಿ ಕಾಲೇಜಿನ ಎನ್.ಎಸ್.ಎಸ್. ಶಿಬಿರ ಹೂಡಿದರೆ ಉದ್ಘಾಟನಾ ಭಾಷಣದಲ್ಲಿ ಶಾಸನವೊಂದು ಬಂದೇ ಬರುತ್ತದೆ. ಬಳ್ಳಿಗಾವಿಯ ಕೋಡಿಯಮಠದ ವಿದ್ಯಾರ್ಥಿಗಳು ಎಂಟುನೂರು ವರ್ಷಗಳ ಹಿಂದೆಯೇ ದೀನರಿಗೆ ಅನ್ನ, ರೋಗಿಗಳಿಗೆ ಮದ್ದು ಕೊಡುತ್ತಿದ್ದರು, ಇಂದಿನ ರಾಷ್ಟ್ರೀಯ ಸೇವಾ ಯೋಜನೆ ಅದರದೇ ಮುಂದುವರಿಕೆ ಎನ್ನುವ ಮಾತು ಅದು. ವೇದಿಕೆಯ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅದು ಲೇಖನಗಳಿಗೂ ದಾಟಿ ಆಧಾರದ ಪಟ್ಟ ಪಡೆದಿರುವುದರಿಂದ ಮೂಲವನ್ನೇ ನೋಡಬೇಕಾಗಿದೆ.

ಮೂಲ 1162ರ ಬಿಜ್ಜಳನ ಕಾಲದ ಶಾಸನ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ ಶಿಕಾರಿಪುರ ತಾಲೂಕಿನ 102ನೆಯದಾಗಿ ಅದನ್ನು ಪ್ರಕಟಿಸಿದ್ದಾರೆ. ಮಠ ಯಾವುದಕ್ಕೆಲ್ಲ ನೆಲೆ ಎಂಬುದನ್ನು ಶಾಸನಕವಿ ಉದ್ದಕ್ಕೆ ಹೇಳುತ್ತಾ ಹೋಗುತ್ತಾನೆ. ವೇದ, ವ್ಯಾಕರಣ, ಷಡ್ದರ್ಶನ, ಪುರಾಣ, ಕಾವ್ಯ, ನಾಟಕಗಳ ವ್ಯಾಸಂಗಕ್ಕೆ ಅದು ನೆಲೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಬಾರಿಸುವವರು, ಕುಣಿಯುವವರು, ನಾನಾ ಪಂಥದ ಸನ್ಯಾಸಿಗಳು, ಇವರಿಗೆಲ್ಲ ಅನ್ನ ಸಿಗುವ ಜಾಗ. ರೋಗಿಗಳಿಗೆ ಔಷಧ ಸಿಗುವ ಜಾಗ. ಕನ್ನಡ ನಾಡಿನ ಸಂಸ್ಥೆಯೊಂದರ ಬಗ್ಗೆ ಇಷ್ಟು ಉದಾರವಾದ ವರ್ಣನೆ ಅಪರೂಪ. ಅದರ ಬಗ್ಗೆ ನನಗೆ ಅಭಿಮಾನವೇ ಇದೆ.

ಆದರೆ ಆ ಪಟ್ಟಿಯನ್ನು ಎಷ್ಟು ಸಲ ಓದಿದರೂ ಅನ್ನ ಬಡಿಸಿದವರು ಯಾರು, ಮದ್ದು ಅರೆದವರು ಯಾರು ಎಂಬುದು ಸಿಗುವುದಿಲ್ಲ. ಉಂಡವರ ವಿವರ ತುಂಬಿ ತುಳುಕುತ್ತದೆ, ಉಣಿಸಿದ ಕೈಯ ಸುದ್ದಿಯೇ ಇಲ್ಲ. ವಿದ್ಯೆಯೂ ಅನ್ನವೂ ಒಂದೇ ಛಾವಣಿಯ ಕೆಳಗೆ ಇದ್ದವು ಎಂಬಷ್ಟನ್ನೇ ಹಿಡಿದು, ಓದುವವರೇ ಬಡಿಸುತ್ತಿದ್ದರು ಎಂದು ತೀರ್ಮಾನಿಸುವುದು ಶಾಸನವನ್ನು ಓದಿದ ಹಾಗಲ್ಲ, ಅದರ ಬಾಯಲ್ಲಿ ನಮ್ಮ ಮಾತು ಹಾಕಿದ ಹಾಗೆ.

ಇದಕ್ಕೊಂದು ಆಕ್ಷೇಪ ಇದೆ. ಮಠಗಳಲ್ಲಿ ಶಿಷ್ಯರಲ್ಲದೆ ಮತ್ತಾರು ಕೆಲಸ ಮಾಡುತ್ತಿದ್ದರು, ಅದನ್ನು ಬಿಡಿಸಿ ಬರೆಯುವ ಅಗತ್ಯ ಕವಿಗೆ ಇರಲಿಲ್ಲ ಎನ್ನುತ್ತಾರೆ. ಶಿಷ್ಯರು ಕಟ್ಟಿಗೆ, ನೀರು ಹೊತ್ತಿರಬಹುದು, ಒಪ್ಪೋಣ. ಅದು ಗುರುಶುಶ್ರೂಷೆ. ಗುರುತುಪರಿಚಯವಿಲ್ಲದೆ ಬಂದ ರೋಗಿಯ ಆರೈಕೆಯನ್ನು ಕಲಿಕೆಯ ಭಾಗವಾಗಿ ಕೈಗೊಳ್ಳುವುದು ಬೇರೆಯೇ ವಿಷಯ. ಅದಕ್ಕೆ ಬೇರೆಯೇ ಸಾಕ್ಷಿ ಬೇಕು. ಇನ್ನು ಬಿಡಿಸಿ ಬರೆಯುವ ರೂಢಿ ಇರಲಿಲ್ಲ ಎಂಬ ಮಾತಿಗೆ 1058ರ ನಾಗಾವಿ ಶಾಸನವೇ ಉತ್ತರ. ಅಲ್ಲಿನ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದಲ್ಲಿ ವೇದ ಓದುವವರು 200, ಶಾಸ್ತ್ರ ಓದುವವರು 50, ಅವರಿಗೆ ಉಪಾಧ್ಯಾಯರು, ಗ್ರಂಥ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು 6 ಜನ. ಯಾರ ಪಾಲಿಗೆ ಯಾವ ಕೆಲಸ ಎಂದು ಬರೆಯಬೇಕೆನಿಸಿದಾಗ ಬರೆಯುವುದು ಆ ಕಾಲದವರಿಗೆ ಚೆನ್ನಾಗಿಯೇ ಗೊತ್ತಿತ್ತು. ಗಮನಿಸಬೇಕಾದ್ದು, ಆ ಏರ್ಪಾಟಿನಲ್ಲಿ ವಿದ್ಯಾರ್ಥಿಯ ಪಾಲಿಗೆ ಬಂದದ್ದು ಓದು ಮಾತ್ರ. ಅವನು ದತ್ತಿಯ ಫಲ ಉಣ್ಣುವವನು, ಸಮಾಜ ಸಾಕಿದವನು.

ಸಾಕಿಸಿಕೊಳ್ಳುವವನು ಸೇವೆ ಮಾಡುವವನಾದದ್ದು ಯಾವಾಗ ಎಂಬುದೇ ನಿಜವಾದ ಪ್ರಶ್ನೆ. ಇಲ್ಲಿ ಎರಡನೆಯ ತಪ್ಪು ಎದುರಾಗುತ್ತದೆ. ರಾಷ್ಟ್ರೀಯ ಸೇವಾ ಯೋಜನೆಯ ಕೈಪಿಡಿಗಳು ಕಥೆಯನ್ನು ರಾಧಾಕೃಷ್ಣನ್ ಆಯೋಗದಿಂದ ತೊಡಗಿಸಿ, ಸಿ.ಡಿ. ದೇಶಮುಖ್ ಸಮಿತಿ, ಸೈಯಿದೈನ್ ವರದಿ, ಕೊಠಾರಿ ಆಯೋಗ ಎಂದು ಮೆಟ್ಟಿಲು ಹತ್ತಿ 1969ರ ಸೆಪ್ಟೆಂಬರ್ 24ಕ್ಕೆ ಮುಟ್ಟುತ್ತವೆ. ಗಾಂಧೀ ಶತಮಾನೋತ್ಸವದ ಆ ವರ್ಷ 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಯೋಜನೆ ಶುರುವಾಯಿತು. ಚಾಲನೆ ಕೊಟ್ಟ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಆಗ ಬಳ್ಳಾರಿಯ ಸಂಸದರಾಗಿದ್ದರು. ಈ ತಾರೀಖುಗಳಲ್ಲಿ ತಪ್ಪಿಲ್ಲ. ಆದರೆ ಎಲ್ಲವೂ ಸಮಿತಿಗಳ ತಾರೀಖು. ಸಮಿತಿ ಕೂರುವ ಮೊದಲೇ ತರುಣರನ್ನು ಶಿಸ್ತಿಗೆ ತಂದು ಸೇವೆಗೆ ಹಚ್ಚಿದ ಹುಬ್ಬಳ್ಳಿಗೆ ಅಲ್ಲಿ ಜಾಗ ಇಲ್ಲ.

ಅಮೆರಿಕದಲ್ಲಿ ಓದಿ ಬಂದ ಡಾ. ನಾ.ಸು. ಹರ್ಡೀಕರ್ 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯ ಸ್ವಯಂಸೇವಕರನ್ನು ಕರೆದೊಯ್ದರು. ಜೈಲಿನಲ್ಲಿ ಕ್ಷಮಾಪಣೆ ಬರೆದುಕೊಡದೆ ಗಟ್ಟಿ ನಿಂತವರೆಂದು ಈ ತಂಡ ದೇಶದ ಗಮನ ಸೆಳೆಯಿತು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹಿಂದುಸ್ತಾನಿ ಸೇವಾದಳ ಹುಟ್ಟಿತು. 1924ರ ಡಿಸೆಂಬರಿನ ಬೆಳಗಾವಿ ಅಧಿವೇಶನ ಅದಕ್ಕೆ ಪರೀಕ್ಷೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಆ ಒಂದೇ ಅಧಿವೇಶನದಲ್ಲಿ ಹೊರಗಿನ ಕೂಲಿಯ ಬಲಕ್ಕಿಂತ ಕವಾಯತು ಕಲಿತ ಸ್ವಯಂಸೇವಕರ ಬಲ ಮುಂದೆ ನಿಂತಿತು. ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳಿಗಾಗಿ ತಿಲಕ ಕನ್ಯಾಶಾಲೆ ನಡೆಸುತ್ತಿದ್ದ ಉಮಾಬಾಯಿ ಕುಂದಾಪುರ ನೂರೈವತ್ತಕ್ಕೂ ಹೆಚ್ಚು ಮಹಿಳಾ ಸ್ವಯಂಸೇವಕಿಯರನ್ನು ಸಜ್ಜುಗೊಳಿಸಿದರು. ಅವರಲ್ಲಿ ವಿಧವೆಯರೂ ಇದ್ದರು.

ಹಾಗೆಂದು ಇವರೆಲ್ಲ ವಿದ್ಯಾರ್ಥಿಗಳು ಎಂದು ನಾನು ಹೇಳಲಾರೆ. ಹೇಳಿದರೆ ಕೋಡಿಯಮಠದ ವಿಷಯದಲ್ಲಿ ಆದ ತಪ್ಪನ್ನೇ ಬೆಳಗಾವಿಯಲ್ಲಿ ಮಾಡಿದಂತಾಗುತ್ತದೆ. ನನ್ನ ವಾದ ಇಷ್ಟು: ತರಬೇತಿ, ಶಿಬಿರ, ಸಮವಸ್ತ್ರ, ಪಾಳಿ ಹಂಚಿಕೆ, ಹೊಲಸು ಬಳಿಯುವ ಕೆಲಸಕ್ಕೂ ಮರ್ಯಾದೆ ಎಂಬ ರೂಪವನ್ನು ಸೇವೆ ಪಡೆದದ್ದು ಇಲ್ಲಿ. ಮುಂದೆ ಕಾಲೇಜುಗಳಿಗೆ ಬಂದ ಶಿಬಿರದ ಮೈಕಟ್ಟು ಮಠದ ದಾಸೋಹಕ್ಕಿಂತ ಇದನ್ನೇ ಹೆಚ್ಚು ಹೋಲುತ್ತದೆ. ಬೆಳಗಿನ ಪ್ರಾರ್ಥನೆ, ಗುಂಪುಗಳಾಗಿ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಒಟ್ಟಿಗೆ ಊಟ ಎಂಬ ದಿನಚರಿ ಎಲ್ಲಿಂದ ಬಂತು ಎಂದು ಕೇಳಿದವರಿಗೆ 1162ರ ಕಲ್ಲು ಉತ್ತರ ಕೊಡದು. (ಎರಡು ವರ್ಷದಲ್ಲಿ 240 ಗಂಟೆ ಎಂಬ ಲೆಕ್ಕ, ಕೊನೆಗೊಂದು ಪ್ರಮಾಣಪತ್ರ, ಇವು ಮಾತ್ರ ಸರಕಾರದ ಕೊಡುಗೆ.)

ಹರ್ಡೀಕರ್ ಹೊರಡಿಸುತ್ತಿದ್ದ 'ದಿ ವಾಲಂಟಿಯರ್' ಪತ್ರಿಕೆಯನ್ನು ಈ ದೃಷ್ಟಿಯಿಂದ ಸಂಚಿಕೆ ಸಂಚಿಕೆಯಾಗಿ ಓದಬೇಕಾಗಿದೆ. ಅದಕ್ಕಿಂತ ಮೊದಲು ಉಮಾಬಾಯಿಯವರ ಬದುಕನ್ನು ಈ ಇತಿಹಾಸದೊಳಕ್ಕೆ ತರಬೇಕು. 1932ರಲ್ಲಿ ಸೆರೆಮನೆಗೆ ಹೋದ ಅವರು ಬಿಡುಗಡೆಯಾಗಿ ಬಂದಾಗ ಅವರ ಮುದ್ರಣಾಲಯ ಜಪ್ತಿಯಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು, ಅವರ ಮಹಿಳಾ ಸಂಘಟನೆಯಾದ ಭಗಿನೀ ಮಂಡಲ ಕಾನೂನುಬಾಹಿರವಾಗಿತ್ತು. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಅವರು ಸ್ವಯಂಸೇವಕರನ್ನು ಕರೆದುಕೊಂಡು ಅಲ್ಲಿಗೆ ಹೋಗಿ ನಿರಾಶ್ರಿತರ ನಡುವೆ ದುಡಿದರು.