ನೂರಾ ಇಪ್ಪತ್ತೇಳರ ಹಠ

ಸುಮಾರು 1990ರಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನೊಂದು ಸಂಖ್ಯಾ ಒಗಟನ್ನು ಕೊಟ್ಟಿದ್ದೆ. ಒಂದಕ್ಕಿಂತ ದೊಡ್ಡದಾದ ಯಾವುದಾದರೂ ಬೆಸಸಂಖ್ಯೆಯನ್ನು ಎರಡರ ಒಂದು ಘಾತ ಮತ್ತು ಒಂದು ಅವಿಭಾಜ್ಯ ಸಂಖ್ಯೆಯ ಮೊತ್ತವಾಗಿ ಬರೆಯಬೇಕು. ಎರಡರ ಸೊನ್ನೆಯ ಘಾತವಾದ 1ಕ್ಕೂ ಅವಕಾಶವುಂಟು. 3 ಎಂದರೆ 1 + 2. 15 ಎಂದರೆ 2 + 13. 27 ಎಂದರೆ 4 + 23. ಎಲ್ಲ ಬೆಸಸಂಖ್ಯೆಗಳಿಗೂ ಇದು ಸಾಧ್ಯವೆಂದು ಧೈರ್ಯವಾಗಿ ಹೇಳಿದ್ದೆ. ಎಲ್ಲಿಯೋ ಓದಿದ ನೆನಪು, ಪರೀಕ್ಷಿಸಿ ನೋಡಿರಲಿಲ್ಲ.

ಮರುದಿನ ಒಬ್ಬ ಹುಡುಗಿ, "ಸಾರ್, 127 ಆಗ್ತಾ ಇಲ್ಲ" ಎಂದಳು. ಕಳೆಯುವುದರಲ್ಲಿ ತಪ್ಪಿರಬೇಕೆಂದು, "ಮತ್ತೊಮ್ಮೆ ನೋಡು" ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟೆ. ಅವಳು 1, 2, 4, 8, 16, 32, 64ಗಳನ್ನು ಕ್ರಮವಾಗಿ ಕಳೆದಿದ್ದಳು. ಉಳಿದದ್ದು 126, 125, 123, 119, 111, 95, 63. ಒಂದೂ ಅವಿಭಾಜ್ಯವಲ್ಲ. (119 ನೋಡುವುದಕ್ಕೆ ಅವಿಭಾಜ್ಯದಂತಿದೆ, ಆದರೆ ಅದು 7 × 17.)

ನನ್ನ ತಪ್ಪಿಗೆ ದೊಡ್ಡವರ ಮೇಲ್ಪಂಕ್ತಿಯೂ ಇತ್ತೆಂಬುದು ಬಹುಕಾಲದ ನಂತರ ತಿಳಿಯಿತು. ಫ್ರಾನ್ಸಿನ ಅಲ್ಫೋನ್ಸ್ ದ ಪೋಲಿನ್ಯಾಕ್ 1849ರಲ್ಲಿ ಇದೇ ಮಾತನ್ನು ಊಹೆಯಾಗಿ ಪ್ರಕಟಿಸಿ, ಮೂವತ್ತು ಲಕ್ಷದವರೆಗೆ ಪರೀಕ್ಷಿಸಿದ್ದೇನೆಂದನು. ಅಷ್ಟು ದೂರ ನಡೆದವನಿಗೆ ಮನೆಯ ಹೊಸ್ತಿಲಿನಲ್ಲಿದ್ದ 127 ಹೇಗೆ ಕಾಣದೆ ಹೋಯಿತೋ! ಮುಂದೆ 149, 251, 331ಗಳೂ ಅದೇ ಹಠ ಹಿಡಿಯುತ್ತವೆ. ಅವನಿಗಿಂತ ಸುಮಾರು ನೂರು ವರ್ಷ ಮೊದಲೇ, 1752ರಲ್ಲಿ, ಆಯ್ಲರ್ ಮಹಾಶಯನು ಗೋಲ್ಡ್‌ಬಾಖ್‌ನಿಗೆ ಬರೆದ ಪತ್ರದಲ್ಲಿ 959 ಹೀಗೆ ಒಡೆಯದೆಂದು ತಿಳಿಸಿದ್ದನು.

ಹಾಗಾದರೆ ಇಂತಹ ಹಠಮಾರಿಗಳು ಎಷ್ಟು? 1934ರಲ್ಲಿ ರೊಮಾನೊಫ್, ಸಂಖ್ಯೆಗಳಲ್ಲಿ ಒಂದು ನಿಶ್ಚಿತ ಪಾಲು ಈ ಬಗೆಯಲ್ಲಿ ಒಡೆಯುತ್ತದೆಂದು ಸಾಧಿಸಿದನು. 1950ರಲ್ಲಿ ಹಂಗೆರಿಯ ಪಾಲ್ ಎರ್ಡಿಶ್, ಒಡೆಯದ ಬೆಸಸಂಖ್ಯೆಗಳ ಒಂದು ಸಮಾಂತರ ಶ್ರೇಢಿಯನ್ನೇ ತೋರಿಸಿಕೊಟ್ಟನು. ಅಂದರೆ ಅವು ಅನಂತ. ಅವನ ಯುಕ್ತಿ ಪ್ರೌಢಶಾಲೆಯ ಮಕ್ಕಳಿಗೂ ತಿಳಿಯುವಂಥದು. ಎರಡರ ಸಮಘಾತಗಳಾದ 4, 16, 64ಗಳನ್ನು 3ರಿಂದ ಭಾಗಿಸಿದರೆ ಶೇಷ 1. ನಮ್ಮ ಸಂಖ್ಯೆಗೂ ಅದೇ ಶೇಷವಿದ್ದರೆ ವ್ಯತ್ಯಾಸವು 3ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಘಾತಸೂಚಿ ಮೂರರ ಗುಣಕವಾದಾಗ ಅದೇ ಕೆಲಸವನ್ನು 7 ಮಾಡುತ್ತದೆ. ಹೀಗೆ 3, 5, 7, 13, 17, 241 ಎಂಬ ಆರು ಅವಿಭಾಜ್ಯಗಳು ಸಕಲ ಘಾತಸೂಚಿಗಳನ್ನೂ ಹಂಚಿಕೊಂಡುಬಿಡುತ್ತವೆ, ಊರಿನ ಆರು ದ್ವಾರಗಳಿಗೂ ಕಾವಲು ಹಾಕಿದಂತೆ! ವ್ಯತ್ಯಾಸವೇ ಆ ಆರರಲ್ಲಿ ಒಂದಾಗಿಬಿಡುವ ಸಂಭವವನ್ನು ಇನ್ನೊಂದು ನಿಬಂಧನೆಯಿಂದ ತಪ್ಪಿಸಿದನು. ಕಂಪ್ಯೂಟರಿನ ಹಂಗಿಲ್ಲದ ಇಂತಹ ಸಾಧನೆ ಕಂಡಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಇದನ್ನು ಓದಿ ತಿಳಿಯುವ ವೇಳೆಗೆ ಆ ಹುಡುಗಿ ಶಾಲೆ ಬಿಟ್ಟು ಬಹಳ ವರ್ಷಗಳಾಗಿದ್ದವು. ತಂದೆಗೆ ವರ್ಗವಾಗಿ ಅವರು ಊರನ್ನೇ ಬಿಟ್ಟಿದ್ದರು. ನನ್ನ ಕೆಂಪು ಶಾಯಿಯ ಷರಾ ಅವಳ ಪುಸ್ತಕದಲ್ಲಿ ಹಾಗೆಯೇ ಉಳಿದಿರಬೇಕು.

ಅವಳ ಪಟ್ಟಿಯಲ್ಲಿ ಆಗ ನಾನು ಗಮನಿಸದ ಇನ್ನೊಂದು ಸಂಗತಿಯಿದೆ. 125 ಎಂದರೆ ಐದರ ಘನ. ಅವಿಭಾಜ್ಯದ ಬದಲು ಅವಿಭಾಜ್ಯದ ಘಾತಕ್ಕೂ ಒಪ್ಪಿಗೆ ಕೊಟ್ಟರೆ 127 ಎಂಬುದು 2 + 5³ ಆಗಿ ಬಗ್ಗುತ್ತದೆ. 251 ಕೂಡ ಬಗ್ಗುತ್ತದೆ: 2³ + 3⁵. ಆದರೆ 149? ಓದುಗರು ಪೆನ್ಸಿಲ್ ಹಿಡಿದು 1ರಿಂದ 128ರವರೆಗಿನ ಎಂಟು ಘಾತಗಳನ್ನೂ ಕಳೆದು ನೋಡಬೇಕಾಗಿ ವಿನಂತಿ.